ಮೊದಲ ಎರಡು ಮೀನು

ಆ ಶನಿವಾರ ಬೆಳಿಗ್ಗೆ ಡಾರ್ಸಿ ಲಾಹಾರ್ನ್‌ಗೆ ದೋಣಿಯಲ್ಲಿ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗಾಳದ ಕೋಲುಗಳ ತುದಿ ನೋಡುತ್ತಿದ್ದ. ತೊಟ್ಟಿಯ ಮುಚ್ಚಳ ತೆಗೆದು ಗಾಳಕ್ಕೆ ಸಿಕ್ಕಿಸುವ ಎರೆಮೀನುಗಳು ಬದುಕಿವೆಯೇ ಎಂದು ಇಣುಕುತ್ತಿದ್ದ. ದಾರ ಕಟ್ಟಿ ನೀರಿಗೆ ಬಿಟ್ಟ ಉಷ್ಣಮಾಪಕವನ್ನು ಮೇಲೆಳೆದು ಓದಿ, ಮತ್ತೆ ಬಿಡುತ್ತಿದ್ದ.

"ಅದೇನು ಜ್ವರ ಬಂದಿರೋ ಮಗೂನಾ, ಗಳಿಗೆಗೊಂದ್ಸಲ ನೋಡೋಕೆ?" ಎಂದಳು ಅವನ ಹೆಂಡತಿ ಇಮೊಜೀನ್, ದೋಣಿಯ ಹಿಂಬದಿಯಲ್ಲಿ ಟೊಮೆಟೊ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಾ.

"ಮೇಲ್ಗಡೆ ಎಂಬತ್ತೈದು ಫ್ಯಾರನ್‌ಹೀಟ್ ಇದೆ."

"ನಿನ್ನೇನೂ ಅಷ್ಟೇ ಇತ್ತು, ನಾಳೇನೂ ಅಷ್ಟೇ ಇರುತ್ತೆ. ಕೂತ್ಕೊಳಯ್ಯ, ಕಾಫಿ ಚೆಲ್ತಿದೆ."

ಅವನು ಕೂತ. ಮತ್ತೆ ಎದ್ದ.

ಮಂಗಳವಾರ ಸಂಜೆ ಹೈಸ್ಕೂಲಿನ ಊಟದ ಹಾಲಿನಲ್ಲಿ ಸಭೆಯಿತ್ತು. ರಾಜ್ಯದ ವನ್ಯಜೀವಿ ಆಯೋಗದವರು ಬಂದು ಹ್ಯಾಚರ್ ಜಲಾಶಯದ ಸ್ಟ್ರೈಪರ್ ಮೀನಿನ ಬೇಸಿಗೆ ನಿಯಮವನ್ನು ಕಾಯಂ ಮಾಡಬೇಕೋ ಕೈಬಿಡಬೇಕೋ ಎಂದು ಜನರನ್ನು ಕೇಳುವವರಿದ್ದರು. ನಿಯಮದ ಪರವಾಗಿ ಮೊದಲು ಮಾತಾಡಬೇಕಾದವನು ಡಾರ್ಸಿ. ಅದನ್ನು ಮಾಡಿಸಿದವನೂ ಅವನೇ. ಮೂರು ರಾತ್ರಿಗಳಿಂದ ಹಾಸಿಗೆಯಲ್ಲಿ ಹೊರಳಾಡಿ ಭಾಷಣ ಉರು ಹೊಡೆಯುತ್ತಿದ್ದ ಗಂಡನನ್ನು ನೀರಿನ ಮೇಲಾದರೂ ತಣ್ಣಗಿರಿಸೋಣ ಎಂದು ಇಮೊಜೀನ್ ಅವನನ್ನು ಹೊರಡಿಸಿಕೊಂಡು ಬಂದಿದ್ದಳು.

ಸ್ಟ್ರೈಪರ್ ಟೆನೆಸಿಯ ಈ ಬೆಟ್ಟದ ನೀರಿನಲ್ಲಿ ತಾನಾಗಿ ಹುಟ್ಟಿದ ಮೀನಲ್ಲ. ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಏರಿ ಬರುವ ಜಾತಿ ಅದು. ಬೆಳ್ಳಿಯಂಥ ಮೈ, ಕಿವಿರಿನಿಂದ ಬಾಲದವರೆಗೆ ಉದ್ದುದ್ದ ಕಪ್ಪು ಗೆರೆಗಳು. ಇಲ್ಲಿಗೆ ವರ್ಷ ವರ್ಷವೂ ಬೆರಳುದ್ದದ ಮರಿಗಳನ್ನು ಲಾರಿಯಲ್ಲಿ ತಂದು ಬಿಡುತ್ತಾರೆ. ಚಳಿಗಾಲದಲ್ಲಿ ಅವು ಇಡೀ ಜಲಾಶಯದಲ್ಲಿ ಓಡಾಡಿಕೊಂಡಿರುತ್ತವೆ. ಬೇಸಿಗೆಯಲ್ಲಿ ಮೇಲಿನ ನೀರು ಕಾಯುತ್ತದೆ, ತಳದಲ್ಲಿ ಉಸಿರಾಡಲು ಗಾಳಿಯಿಲ್ಲ. ನಡುವೆ ತಣ್ಣಗಿನ ಒಂದು ತೆಳು ಪದರದಲ್ಲಿ ಎಲ್ಲವೂ ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿಂದ ಗಾಳಕ್ಕೆ ಸಿಕ್ಕಿ, ಎಳೆದಾಡಿ ಸುಸ್ತಾಗಿ, ಬಿಸಿ ನೀರಿಗೆ ಬಂದ ಮೀನನ್ನು ಎಷ್ಟೇ ನಾಜೂಕಾಗಿ ಬಿಟ್ಟರೂ ಅದು ಉಳಿಯುವುದು ಕಷ್ಟ. ಬಿಟ್ಟವರ ಕಣ್ಣೆದುರು ಬಾಲ ಬಡಿದು ಒಳಗೆ ಹೋಗುತ್ತದೆ. ಆಮೇಲೆ ಬೇರೆಲ್ಲೋ ಹೊಟ್ಟೆ ಮೇಲಾಗಿ ತೇಲುತ್ತದೆ.

ಹಳೆಯ ನಿಯಮದಲ್ಲಿ ಹದಿನೈದು ಇಂಚಿಗಿಂತ ಚಿಕ್ಕದನ್ನು ನೀರಿಗೇ ಬಿಡಬೇಕಿತ್ತು. ದೊಡ್ಡ ಎರಡು ಸಿಗುವವರೆಗೆ ಜನ ಚಿಕ್ಕವನ್ನು ಹಿಡಿದು ಹಿಡಿದು ಬಿಡುತ್ತಿದ್ದರು. ಹೋದ ವರ್ಷ ಆಗಸ್ಟಿನಲ್ಲಿ ಟಾಲಿವರ್ ತೊರೆ ಬಂದು ಸೇರುವ ಕಡೆ ದಡದುದ್ದಕ್ಕೂ ಸತ್ತ ಮರಿಗಳು ಬೆಳ್ಳಗೆ ಬಿದ್ದಿದ್ದವು. ವಿದ್ಯುತ್ ಕಂಪನಿಯಲ್ಲಿ ಕಂಬ ಹತ್ತುವ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಚಡಪಡಿಸುತ್ತಿದ್ದ ಡಾರ್ಸಿಗೆ ಅಂದಿನಿಂದ ಒಂದೇ ಗುಂಗು. ಮನೆಮನೆ ಸುತ್ತಿದ, ಆಯೋಗಕ್ಕೆ ಅಲೆದ, ಕೊನೆಗೆ ಒಂದು ಬೇಸಿಗೆಯ ಮಟ್ಟಿಗೆ ಪ್ರಯೋಗವೆಂದು ಹೊಸ ನಿಯಮ ತರಿಸಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಬ್ಬರಿಗೆ ಒಂದು ದಿನದಲ್ಲಿ ಸಿಕ್ಕ ಮೊದಲ ಎರಡು ಸ್ಟ್ರೈಪರ್, ಗಾತ್ರ ಎಷ್ಟೇ ಇರಲಿ, ಇಟ್ಟುಕೊಳ್ಳಲೇಬೇಕು. ಬಿಡುವಂತಿಲ್ಲ. ಎರಡಾದ ಮೇಲೆ ಗಾಳ ಎತ್ತಬೇಕು. ಒಂದು ದೋಣಿಯ ಮೀನನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ.

ಇದರಿಂದ ಹೊಟ್ಟೆಗೆ ಹೊಡೆತ ಬಿದ್ದವರು ದುಡ್ಡು ಪಡೆದು ಹೊರಗಿನವರನ್ನು ಮೀನು ಹಿಡಿಯಲು ಕರೆದೊಯ್ಯುವ ಗೈಡುಗಳು. ದೊಡ್ಡ ಮೀನಿನಾಸೆಗೆ ದೂರದಿಂದ ಬಂದ ಗಿರಾಕಿಗೆ ಬೆಳಗಾಗುತ್ತಲೇ ಗೇಣುದ್ದದ ಎರಡು ಮೀನು ಸಿಕ್ಕಿಬಿಟ್ಟರೆ ಆಟ ಮುಗಿದಂತೆ. ಗೈಡುಗಳ ಪೈಕಿ ಗಂಟಲು ದೊಡ್ಡದಿದ್ದವನು ಕ್ಲೋವಿಸ್ ಪ್ರ್ಯಾಟರ್, ಇಮೊಜೀನಳ ಸ್ವಂತ ತಮ್ಮ. ಜುಲೈ ನಾಲ್ಕರ ಹಬ್ಬದೂಟಕ್ಕೂ ಅವನು ಅಕ್ಕನ ಮನೆಗೆ ಬಂದಿರಲಿಲ್ಲ.

ಈಗ ಟಾಲಿವರ್ ತೊರೆ ಸೇರುವ ಆ ಜಾಗದಲ್ಲೇ ಅವನ ದೋಣಿ ಇವರ ಕೂಗಳತೆಯಲ್ಲಿತ್ತು. ಒಹಾಯೋದಿಂದ ಬಂದ ಬಕ್ಲಿ ಎಂಬ ವಯಸ್ಸಾದ ಗಂಡ ಹೆಂಡತಿ ಅದರಲ್ಲಿದ್ದರು. ಇಬ್ಬರದೂ ಎರಡೆರಡು ಆಗಿಹೋಗಿತ್ತು. ಗಾಳಗಳನ್ನು ಒಳಗಿಟ್ಟು, ಗಿರಾಕಿಗಳಿಗೆ ಹೊತ್ತು ಕಳೆಯಲೆಂದು ಕ್ಲೋವಿಸ್ ದೋಣಿಯನ್ನು ಸುಮ್ಮನೆ ತೇಲಲು ಬಿಟ್ಟಿದ್ದ.

"ಭಾವಾ!" ಎಂದು ಕೂಗಿದ. "ಎಷ್ಟಾಯ್ತು?"

"ಒಂದು."

"ಎಷ್ಟುದ್ದ?"

ಡಾರ್ಸಿ ಐಸ್ ಪೆಟ್ಟಿಗೆಯ ಮುಚ್ಚಳ ಒತ್ತಿ ಮುಚ್ಚಿದ. ಒಳಗಿದ್ದದ್ದು ಹನ್ನೆರಡು ಇಂಚಿನದು.

"ನಾಚ್ಕೋಬೇಡ, ಹೇಳು! ನಮ್ದೂ ಎಲ್ಲಾ ಬಳಪದಷ್ಟುದ್ದವೇ! ಬಕ್ಲಿ ಸಾಹೇಬ್ರು ಇದಕ್ಕೋಸ್ಕರ ಒಂದಿಡೀ ದಿನ ಕಾರು ಓಡಿಸ್ಕೊಂಡು ಬಂದ್ರು, ನಿನಗೊಂದು ಥ್ಯಾಂಕ್ಸ್ ಹೇಳ್ಬೇಕಂತೆ!"

"ಕ್ಲೋವಿಸ್, ಬಾಯ್ಮುಚ್ಕೊಂಡಿರು, ಮೀನು ಓಡೋಗ್ತವೆ," ಎಂದಳು ಇಮೊಜೀನ್.

"ಹೋಗ್ಲಿ ಬಿಡಕ್ಕ, ಹೆಂಗೂ ನಿನ್ ಗಂಡ ಹಿಡಿಯೋಕೆ ಬಿಡಲ್ವಲ್ಲ!"

ಡಾರ್ಸಿಯ ಕಿವಿ ಕೆಂಪಾಯಿತು. ಮಂಗಳವಾರ ಇವನಿಗೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ. ಅಷ್ಟರಲ್ಲಿ ಎಡಗಡೆಯ ಕೋಲು ಬಾಗಿತು. ಎತ್ತಿಕೊಂಡು ರೀಲು ಸುತ್ತಿದ. ಎಳೆತ ಹೆಚ್ಚಿರಲಿಲ್ಲ, ಚಿಕ್ಕದೆಂದು ಗೊತ್ತಾಗುತ್ತಿತ್ತು. ಮನಸ್ಸು ಸಭೆಯಲ್ಲಿತ್ತು, ಕೈ ಕೆಲಸ ಮಾಡುತ್ತಿತ್ತು. ಮೀನು ಪಕ್ಕಕ್ಕೆ ಬಂತು. ಕೈ ಒದ್ದೆ ಮಾಡಿಕೊಂಡ, ಕೊಕ್ಕೆ ತಿರುಗಿಸಿ ಬಿಡಿಸಿದ, ಮೀನಿನ ಹೊಟ್ಟೆಯ ಕೆಳಗೆ ಅಂಗೈಯಿಟ್ಟು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದ, ಬಾಲ ಅಲ್ಲಾಡಿದ ತಕ್ಷಣ ಬೆರಳು ಸಡಿಲಿಸಿದ.

"ಡಾರ್ಸಿ," ಎಂದಳು ಇಮೊಜೀನ್.

"ಹ್ಞೂಂ?"

"ಈಗ ಏನ್ ಮಾಡ್ದೆ ನೀನು?"

ಅವನು ತನ್ನ ಒದ್ದೆ ಅಂಗೈ ನೋಡಿಕೊಂಡ. ಹುಡುಗನಾಗಿದ್ದಾಗ ಅಪ್ಪ ಕಲಿಸಿದ ಕೆಲಸ ಅದು. ಚಿಕ್ಕದನ್ನು ಬಿಡುವವನು ಮರ್ಯಾದಸ್ಥ, ಇಟ್ಟುಕೊಳ್ಳುವವನು ಹೊಟ್ಟೆಬಾಕ ಎಂದು ಈ ನೀರಿನವರೆಲ್ಲ ಬೆಳೆದದ್ದೇ ಹಾಗೆ. ಇಡೀ ಊರಿಗೆ ಆ ಅಭ್ಯಾಸ ಬಿಡಿ ಎಂದು ಹೇಳಿಕೊಂಡು ತಿರುಗಿದವನ ಕೈಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

"ಅಯ್ಯೋ ದೇವ್ರೇ," ಎಂದ.

"ಕೂಗ್ಬೇಡ. ಅವನು ನೋಡಿದ್ನಾ?"

ಕ್ಲೋವಿಸ್ ಬಗ್ಗಿ ಏನನ್ನೋ ಹುಡುಕುತ್ತಿದ್ದ. ನೋಡಿದಂತಿರಲಿಲ್ಲ. ಹತ್ತಿರದಲ್ಲಿ ಬೇರೆ ದೋಣಿಗಳೂ ಇರಲಿಲ್ಲ. ಡಾರ್ಸಿ ಎರಡೂ ಕಡೆ ತಿರುಗಿ ನೀರು ನೋಡಿದ. ಏನೂ ಕಾಣಲಿಲ್ಲ.

"ಬದುಕ್ತೇನೋ," ಎಂದಳು ಇಮೊಜೀನ್.

"ಬದುಕಲ್ಲ."

"ನೀನೇ ಅಂದೆಯಲ್ಲ, ಹತ್ತರಲ್ಲಿ ಒಂದೋ ಎರಡೋ…"

"ಬದುಕಲ್ಲ ಇಮೊಜೀನ್. ಬಲೆ ಕೊಡು. ಮೇಲೆ ಬಂದ್ರೆ ಎತ್ಕೊಂಡು ಪೆಟ್ಟಿಗೆಗೆ ಹಾಕ್ತೀನಿ. ಆಗ ಬಿಟ್ಟ ಹಾಗಾಗಲ್ಲ."

ಹೆಚ್ಚು ಕಾಯಬೇಕಾಗಲಿಲ್ಲ. ದೋಣಿಯ ಮುಂದೆ ಒಂದು ಬಿಳಿ ಹೊಟ್ಟೆ ಕಾಣಿಸಿಕೊಂಡಿತು. ಡಾರ್ಸಿ ಉಳಿದ ಗಾಳಗಳನ್ನು ಅವಸರದಲ್ಲಿ ಸುತ್ತಿ, ಬ್ಯಾಟರಿ ಮೋಟಾರು ಒತ್ತಿ, ಉದ್ದ ಹಿಡಿಯ ಬಲೆ ಚಾಚಿದ. ಬಲೆಯ ನೆರಳು ಬಿದ್ದದ್ದೇ ತಡ, ಮೀನು ಮಗುಚಿ, ಬಾಲ ಬಡಿದು ಒಳಗೆ ಹೋಯಿತು.

"ಬಲಕ್ಕೆ!" ಎಂದಳು ಇಮೊಜೀನ್. "ಅಲ್ಲಿ, ಅಲ್ಲಿ! ನಿನ್ ಬಲ ಅಲ್ಲ, ನನ್ ಬಲ!"

ಮೀನು ಮತ್ತೆ ಬಂತು, ಈ ಸಲ ಪಕ್ಕಕ್ಕೆ ವಾಲಿಕೊಂಡು, ಬಾಯಿ ತೆರೆದು ಮುಚ್ಚುತ್ತಾ. ತೊರೆಯ ಸೆಳವು ಅದನ್ನು ಕ್ಲೋವಿಸನ ಕಡೆಗೇ ಒಯ್ಯುತ್ತಿತ್ತು. ಡಾರ್ಸಿ ಮಂಡಿಯೂರಿ ಬಗ್ಗಿದ. ಬಲೆಯ ಅಂಚು ಬಾಲಕ್ಕೆ ತಾಗಿತು. ಮೀನು ಮತ್ತೆ ಮುಳುಗಿತು.

"ಏನ್ ಭಾವ, ಚಿಟ್ಟೆ ಹಿಡೀತಿದ್ಯಾ?" ಕ್ಲೋವಿಸ್ ಈಗ ಎದ್ದು ನಿಂತಿದ್ದ.

"ಟೋಪಿ ಬಿತ್ತು," ಎಂದ ಡಾರ್ಸಿ. ಟೋಪಿ ಅವನ ತಲೆಯ ಮೇಲೇ ಇತ್ತು.

ಇಮೊಜೀನ್ ಹಣೆ ಚಚ್ಚಿಕೊಂಡಳು.

ಮೂರನೆಯ ಸಲ ಬಿಳಿ ಹೊಟ್ಟೆ ತೇಲಿದ್ದು ಕ್ಲೋವಿಸನ ದೋಣಿಯ ಪಕ್ಕದಲ್ಲಿ. ಅವನು ಒಮ್ಮೆ ಮೀನನ್ನು ನೋಡಿದ, ಒಮ್ಮೆ ಬಲೆ ಹಿಡಿದು ಬರುತ್ತಿದ್ದ ಭಾವನನ್ನು ನೋಡಿದ. ಅವನ ಮುಖ ಅರಳಿತು. ಮೀನು ಇನ್ನೊಮ್ಮೆ ಮಗುಚಿ ಒಳಸರಿಯಿತು. ಕ್ಲೋವಿಸ್ ಅವಸರ ಪಡಲಿಲ್ಲ, ಕಾದ. ಅದು ಮೇಲೆ ಬಂದಾಗ ತನ್ನ ಬಲೆಯಿಂದ ಒಂದೇ ಸಲಕ್ಕೆ ಎತ್ತಿಕೊಂಡ.

"ಸಿಕ್ತು! ಭಾವ, ಟೋಪಿಗೆ ಗೆರೆ ಎಲ್ಲ ಇದೆಯಲ್ಲೋ!"

"ಕ್ಲೋವಿಸ್, ಅದನ್ನ…"

"ಬಿಟ್ಟೆ ನೀನು! ನೀನು! ಕೊಕ್ಕೆ ಗಾಯ ಇನ್ನೂ ಹಸಿ ಇದೆ, ರಕ್ತ ಬರ್ತಿದೆ." ಮೀನನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಫೋನಿನಿಂದ ಫೋಟೊ ತೆಗೆದುಕೊಂಡ. "ಮಂಗಳವಾರ ಇದನ್ನ ಗೋಡೆಯಷ್ಟು ದೊಡ್ಡದು ಮಾಡಿಸ್ತೀನಿ. ನೀನು ಮೈಕ್ ಮುಂದೆ ಗಂಟಲು ಸರಿಮಾಡ್ಕೊಳ್ತಿರ್ತೀಯ, ಹಿಂದ್ಗಡೆ ಇವನು ಬಾಯ್ಬಿಟ್ಕೊಂಡು ನೇತಾಡ್ತಿರ್ತಾನೆ."

ಬಕ್ಲಿ ದಂಪತಿಗಳು ಮುಗುಳ್ನಗಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಆಗಲೇ ತೊರೆಯ ತಿರುವಿನಿಂದ ವನ್ಯಜೀವಿ ಇಲಾಖೆಯ ಹಸಿರು ದೋಣಿ ನಿಧಾನವಾಗಿ ಬಂತು. ಕಾವಲಧಿಕಾರಿ ರೋರ್ಕ್ ಬೆಳಗಿನ ತಪಾಸಣೆಗೆ ಹೊರಟಿದ್ದಳು.

ಇಮೊಜೀನ್ ತಗ್ಗಿದ ದನಿಯಲ್ಲಿ ಕೇಳಿದಳು: "ಕ್ಲೋವಿಸ್, ನಿನ್ ದೋಣೀಲಿ ಈಗ ಎಷ್ಟಿದೆ?"

"ನಾಲ್ಕು."

"ಸರಿಯಾಗಿ ಎಣಿಸು."

ಕ್ಲೋವಿಸ್ ಕೈಯಲ್ಲಿದ್ದ ಮೀನನ್ನು ನೋಡಿದ. ಗಿರಾಕಿಗಳಿಬ್ಬರ ಪಾಲು ಮುಗಿದಿತ್ತು. ಕೆಲಸದ ಮೇಲಿರುವ ಗೈಡಿಗೆ ಸ್ವಂತ ಪಾಲು ಇಲ್ಲ. ಜೂನ್ ತಿಂಗಳಲ್ಲೇ ಅವನಿಗೆ ಒಂದು ದಂಡದ ಚೀಟಿ ಬಿದ್ದಿತ್ತು. ಅದೇ ವರ್ಷ ಇನ್ನೊಂದು ಬಿದ್ದರೆ ಗೈಡಿನ ಪರವಾನಗಿ ರದ್ದು.

"ತಗೊ, ಹಿಡ್ಕೊ," ಎಂದ ಅವಸರದಲ್ಲಿ, "ಎಸೀತೀನಿ."

"ಎಸೀಬೇಡ," ಎಂದ ಡಾರ್ಸಿ. "ದೋಣಿಯಿಂದ ದೋಣಿಗೆ ದಾಟಿಸೋ ಹಾಗಿಲ್ಲ. ಅವಳು ನೋಡ್ತಿದ್ದಾಳೆ."

"ಅದೂ ನಿನ್ ರೂಲೇನಾ?"

"ಹೌದು."

"ಹಂಗಾದ್ರೆ ನೀರಿಗೇ ಬಿಟ್ಬಿಡ್ತೀನಿ."

"ಬಿಡೋ ಹಾಗೂ ಇಲ್ಲ."

"ಮತ್ತೆ ಹಸೀದೇ ನುಂಗ್ಲೇನೋ?"

ಹಸಿರು ದೋಣಿ ಬಂದು ಕ್ಲೋವಿಸನ ದೋಣಿಗೆ ಒರಗಿತು. ರೋರ್ಕ್ ಟೋಪಿಯ ಅಂಚು ಮುಟ್ಟಿ ಎಲ್ಲರಿಗೂ ನಮಸ್ಕಾರ ಹೇಳಿದಳು. ಪೆಟ್ಟಿಗೆ ತೆಗೆಸಿ ನೋಡಿದಳು. ಆಮೇಲೆ ಕ್ಲೋವಿಸನ ಕೈ ನೋಡಿದಳು.

"ಐದು," ಎಂದಳು.

"ಐದನೇದು ನೀರಲ್ಲಿ ತೇಲ್ತಿತ್ತು ಮೇಡಂ," ಎಂದರು ಬಕ್ಲಿ.

"ಬಿಟ್ಟವರು ಯಾರು ಅಂತ ಗೊತ್ತಾಗದಿದ್ರೆ, ತೇಲ್ತಿದ್ದದ್ದೂ ಎತ್ತಿದ ದೋಣಿಯ ಲೆಕ್ಕಕ್ಕೇ ಬರುತ್ತೆ ಸರ್. ಇದು ಕ್ಲೋವಿಸ್‌ಗೆ ಗೊತ್ತು. ಯಾರು ಬಿಟ್ಟದ್ದು ಇದನ್ನ?"

"ಇನ್ಯಾರು, ಇವರೇ!" ಕ್ಲೋವಿಸ್ ಬಲೆಯ ಹಿಡಿಯಿಂದ ಡಾರ್ಸಿಯತ್ತ ತೋರಿಸಿದ. "ರೂಲು ತಂದ ಮಹಾನುಭಾವರು! ನಮಗೆಲ್ಲ ಪಾಠ ಹೇಳಿದವರು!"

ರೋರ್ಕ್ ತಲೆಯನ್ನೂ ತಿರುಗಿಸಲಿಲ್ಲ. "ಕ್ಲೋವಿಸ್, ನಿಮ್ಮಿಬ್ಬರ ಜಗಳ ಇಡೀ ಕೌಂಟಿಗೇ ಗೊತ್ತಿದೆ. ಅದನ್ನ ಇಲ್ಲಿಗೆ ತರಬೇಡಿ. ಹೋದ ವರ್ಷ ಸತ್ತ ಮೀನುಗಳನ್ನ ಚೀಲದಲ್ಲಿ ತುಂಬಿ ನನ್ನ ಆಫೀಸಿನ ಬಾಗಿಲಿಗೆ ತಂದು ಸುರಿದ ಮನುಷ್ಯ ಅವರು. ಅವರು ಬಿಟ್ರು ಅಂದ್ರೆ ನಾನು ನಂಬಬೇಕಾ?"

"ಬೈಬಲ್ ಮುಟ್ಟಿ ಹೇಳ್ತೀನಿ!"

"ನಿಮ್ಮ ಪರವಾನಗಿ ಕೊಡಿ."

ಡಾರ್ಸಿ ನಿಂತಲ್ಲೇ ನಿಂತಿದ್ದ. ಕಂಬದ ಮೇಲೆ ಕೆಲಸ ಮಾಡುವಾಗ ತಂತಿಯಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂದು ಖಾತ್ರಿಯಾಗುವವರೆಗೆ ಅಲುಗಾಡದೆ ನಿಲ್ಲುತ್ತಿದ್ದನಲ್ಲ, ಹಾಗೆ. ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು. ತಾನು ಸುಮ್ಮನಿದ್ದರೆ ಸಾಕು, ಸುಳ್ಳನ್ನೂ ಹೇಳಬೇಕಾಗಿಲ್ಲ. ಕ್ಲೋವಿಸನ ಫೋಟೊದಲ್ಲಿರುವುದು ಕ್ಲೋವಿಸನ ಕೈ, ಕ್ಲೋವಿಸನ ದೋಣಿ. ಪರವಾನಗಿ ಕಳೆದುಕೊಂಡ ಗೈಡಿನ ಮಾತಿಗೆ ಸಭೆಯಲ್ಲಿ ಬೆಲೆಯಿಲ್ಲ. ನಿಯಮ ಕಾಯಂ ಆಗುತ್ತದೆ. ಮುಂದಿನ ಆಗಸ್ಟಿನಲ್ಲಿ ದಡ ಬೆಳ್ಳಗಾಗುವುದಿಲ್ಲ. ಬಾಯಿ ಬಿಟ್ಟರೆ ಇದೆಲ್ಲ ತಲೆಕೆಳಗು: ನಿಯಮ ಮಾಡಿಸಿದವನೇ ಪಾಲಿಸಲಾರದ ನಿಯಮ ಎಂದು ಒಬ್ಬ ಎದ್ದು ಹೇಳಿದರೆ ಸಾಕು, ಹಾಲಿನಲ್ಲಿ ನಗೆಯೇಳುತ್ತದೆ. ನಗೆಯ ಮುಂದೆ ಯಾವ ಅಂಕಿಅಂಶವೂ ನಿಲ್ಲುವುದಿಲ್ಲ.

ಇಮೊಜೀನಳತ್ತ ನೋಡಿದ. ಅವಳು ಸ್ಯಾಂಡ್‌ವಿಚ್ಚಿನ ಕಾಗದವನ್ನು ನಾಲ್ಕು ಮಡಿಕೆ ಮಾಡುತ್ತಿದ್ದಳು. ಅವನನ್ನು ನೋಡಲಿಲ್ಲ. ತಮ್ಮನನ್ನೂ ನೋಡಲಿಲ್ಲ.

ಕ್ಲೋವಿಸ್ ಜೇಬಿನಿಂದ ಪರವಾನಗಿ ತೆಗೆಯಲು ಒದ್ದಾಡುತ್ತಿದ್ದ. ಒಂದು ಕೈಯಲ್ಲಿ ಇನ್ನೂ ಮೀನಿತ್ತು, ಅದನ್ನು ಎಲ್ಲಿಡುವುದೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಮೇಡಂ," ಎಂದ ಡಾರ್ಸಿ. "ಆ ಮೀನು ನಂದು."

ರೋರ್ಕ್ ಈಗ ತಿರುಗಿದಳು.

"ಎಡಗಡೆ ಕೋಲಿಗೆ ಬಂತು. ಕೊಕ್ಕೆ ಬಿಡಿಸಿ ಬಿಟ್ಟೆ. ಬಿಟ್ಟ ಮೇಲೆ ನೆನಪಾಯ್ತು. ಹಿಡಿಯೋಕೆ ನೋಡ್ದೆ, ಸಿಗಲಿಲ್ಲ. ಅವನು ಎತ್ತಿದ್ದು ನನ್ನಿಂದ."

"ಮಿಸ್ಟರ್ ಲಾಹಾರ್ನ್, ಯೋಚನೆ ಮಾಡಿ ಹೇಳ್ತಿದ್ದೀರಾ? ಮಂಗಳವಾರ…"

"ಗೊತ್ತು."

"ಭಾಮೈದ ಅಂತ ಹೇಳ್ತಿಲ್ಲ ತಾನೆ?"

"ಇವನಿಗೋಸ್ಕರ?" ಎಂದ ಡಾರ್ಸಿ. "ಇವನಿಗೋಸ್ಕರ ನಾನು ಒಂದು ಎರೆಹುಳಾನೂ ಕೊಡಲ್ಲ."

ರೋರ್ಕ್ ನಗಲಿಲ್ಲ. ಅವಳಿಗೆ ಬೇಸರವಾದದ್ದು ಕಾಣುತ್ತಿತ್ತು. ಆದರೂ ಪುಸ್ತಕ ತೆಗೆದು ಬರೆದಳು, ಚೀಟಿ ಹರಿದು ಅವನ ಕೈಗಿತ್ತಳು. ಮೀನನ್ನು ತಾನೇ ಕ್ಲೋವಿಸನಿಂದ ತೆಗೆದುಕೊಂಡು ಡಾರ್ಸಿಯ ಪೆಟ್ಟಿಗೆಗೆ ಹಾಕಿದಳು. "ಈಗ ನಿಮ್ಮದು ಎರಡಾಯ್ತು. ಇವತ್ತಿಗೆ ಗಾಳ ಸಾಕು. ಕ್ಲೋವಿಸ್, ಇನ್ನೊಂದ್ಸಲ ಸಾಕ್ಷಿ ಬೇಕಿದ್ರೆ ನನಗೆ ಫೋನ್ ಮಾಡಿ, ಬಲೆ ಹಾಕ್ಬೇಡಿ." ಹಸಿರು ದೋಣಿ ಹೊರಟುಹೋಯಿತು.

ಕ್ಲೋವಿಸ್ ಎಂಜಿನ್ ಚಾಲೂ ಮಾಡಿದ.

ದಡದಲ್ಲಿ, ದೋಣಿ ಇಳಿಸುವ ಇಳಿಜಾರಿನ ಪಕ್ಕ, ತಗಡಿನ ಸೂರಿನ ಕೆಳಗೆ ಮೀನು ಕೊಯ್ಯುವ ಉದ್ದನೆಯ ಕಟ್ಟೆಯಿತ್ತು. ಅಷ್ಟರಲ್ಲಿ ಸುದ್ದಿ ಅಲ್ಲಿಗೆ ಬಂದು ಮುಟ್ಟಿತ್ತು. ಡಾರ್ಸಿ ನಡೆದು ಬರುತ್ತಿದ್ದಂತೆ ಟ್ರಕ್ಕಿಗೆ ಒರಗಿ ನಿಂತ ಇಬ್ಬರು ಮಾತು ನಿಲ್ಲಿಸಿದರು. ಒಬ್ಬ, "ಏನ್ ಡಾರ್ಸಿ, ಮಂಗಳವಾರ ಬರ್ತೀಯೋ ಇಲ್ಲ ಹುಷಾರಿಲ್ವೋ?" ಎಂದ. ಇನ್ನೊಬ್ಬ ಕೆಮ್ಮಿದಂತೆ ನಕ್ಕ.

"ಬರ್ತೀನಿ," ಎಂದ ಡಾರ್ಸಿ.

ಕ್ಲೋವಿಸ್ ಕಟ್ಟೆಯ ಆ ತುದಿಯಲ್ಲಿ ಗಿರಾಕಿಗಳ ನಾಲ್ಕು ಮೀನು ಹೆಚ್ಚುತ್ತಿದ್ದ. ಡಾರ್ಸಿ ಈ ತುದಿಯಲ್ಲಿ ತನ್ನೆರಡನ್ನು ಇಟ್ಟುಕೊಂಡ. ನಲ್ಲಿಯ ನೀರು ಸುರಿಯುತ್ತಿತ್ತು. ಕಟ್ಟೆಯ ಕೆಳಗೆ ಎರಡು ಬೆಕ್ಕುಗಳು ಕಾಯುತ್ತಿದ್ದವು. ಡಾರ್ಸಿಯ ಚಾಕು ಎರಡು ಸಲ ಮೂಳೆಗೆ ಸಿಕ್ಕಿಕೊಂಡಿತು.

"ನಾನು ಮಂಗಳವಾರ ಎದ್ದು ಹೇಳೋನೇ," ಎಂದ ಕ್ಲೋವಿಸ್, ತಲೆಯೆತ್ತದೆ. "ನೀನು ಇವತ್ತು ನನ್ ಪರವಾನಗಿ ಉಳಿಸ್ದೆ ಅಂತ ಸುಮ್ನೆ ಬಿಡಲ್ಲ ನಾನು."

"ಬಿಡು ಅಂತ ಕೇಳ್ಲಿಲ್ಲ. ಮೊದಲು ನಾನೇ ಹೇಳ್ತೀನಿ. ನಂದು ಮುಗಿದ ಮೇಲೆ ನೀನು ಹೇಳು."

"ನಿನ್ ರೂಲು ಮುಳುಗುತ್ತೆ."

"ಮುಳುಗಬಹುದು."

ಬಕ್ಲಿ ದಂಪತಿಗಳು ಕಾರಿನ ಹತ್ತಿರ ಇಮೊಜೀನಳ ಜೊತೆ ಏನೋ ಮಾತಾಡುತ್ತಿದ್ದರು. ಕ್ಲೋವಿಸ್ ಒಂದು ತುಂಡನ್ನು ತೊಳೆದು ಚೀಲಕ್ಕೆ ಹಾಕಿದ, ಇನ್ನೊಂದನ್ನು ತೊಳೆದ, ಆಮೇಲೆ ನಲ್ಲಿ ನಿಲ್ಲಿಸಿದ.

"ನೀನು ಬಿಟ್ಟಾಗ ಹೆಂಗಿತ್ತು ಅದು?"

"ಚೆನ್ನಾಗೇ ಇತ್ತು. ಕೊಕ್ಕೆ ತುಟಿಗೆ ಮಾತ್ರ ಸಿಕ್ಕಿತ್ತು. ನೀರಿಂದ ಆಚೆಗೇ ತೆಗೀಲಿಲ್ಲ. ಬಾಲ ಬಡಿದೇ ಹೋಯ್ತು."

"ಆಮೇಲೆ ಮೂರು ಸಲ ಒಳಗೆ ಹೋಯ್ತಲ್ಲ."

"ಮೂರು ಸಲ."

ಕ್ಲೋವಿಸ್ ಚಾಕುವಿನ ಅಲಗನ್ನು ಪ್ಯಾಂಟಿಗೆ ಒರೆಸಿದ. ಎರಡೂ ಬದಿ ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

"ಕೊನೇ ಸಲ ಹೋದದ್ದು ನಾನು ನೋಡ್ದೆ, ಭಾವ. ಪಕ್ಕದಲ್ಲೇ. ಹೋಯ್ತಪ್ಪ, ಬದುಕ್ತು, ಸಾಕ್ಷಿ ಕೈತಪ್ತು ಅಂತಲೇ ಅಂದ್ಕೊಂಡೆ." ಚಾಕುವನ್ನು ಕಟ್ಟೆಯ ಮೇಲಿಟ್ಟು ಮತ್ತೆ ಹೇಳಿದ: "ಹೋದ ವರ್ಷವೆಲ್ಲ ಬಿಟ್ಟ ಮೀನು ಹಂಗೆ ಒಳಗೆ ಹೋಗೋದನ್ನೇ ನೋಡ್ಕೊಂಡು, ಬದುಕ್ತು ಅಂತ ಬೇರೆ ಜಾಗಕ್ಕೆ ದೋಣಿ ತಿರುಗಿಸ್ತಿದ್ದೆ."

ಡಾರ್ಸಿ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಭಾಷಣದ ಸಾಲುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಅವನ್ನೆಲ್ಲ ನುಂಗಿಕೊಂಡು ತನ್ನ ಎರಡನೆಯ ಮೀನಿಗೆ ಚಾಕು ಹಾಕಿದ.

ಕ್ಲೋವಿಸ್ ಮತ್ತೆ ನಲ್ಲಿ ತಿರುಗಿಸಿ ಉಳಿದ ಮೀನು ಹೆಚ್ಚಲು ಶುರು ಮಾಡಿದ. ಮಂಗಳವಾರ ಎದ್ದು ಏನು ಹೇಳುತ್ತಾನೆಂದು ಅವನು ಹೇಳಲಿಲ್ಲ, ಡಾರ್ಸಿ ಕೇಳಲೂ ಇಲ್ಲ.